ಹೊಳವಾದಾಗ

ವರ್ಗಾವಣೆಯ ಆರ್ಡರು ಬರುವುದು ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಶಾಲೆ ಶುರುವಾಗುವುದರೊಳಗೆ ಹೊಸ ಊರು ಸೇರಿಕೊಳ್ಳಲಿ ಎಂಬ ಲೆಕ್ಕ. ಲೆಕ್ಕವೇನೋ ಸರಿ. ಆದರೆ ಬಯಲುಸೀಮೆಯಿಂದ ಮಲೆನಾಡಿಗೆ ಹೋಗುವ ಬ್ಯಾಂಕಿನವರು, ಮೇಷ್ಟ್ರು, ಪೊಲೀಸಿನವರು, ಅವರ ಹೆಂಡತಿ ಮಕ್ಕಳು ಆ ಊರನ್ನು ಮೊದಲ ಸಲ ನೋಡುವುದೇ ಜೂನ್ ತಿಂಗಳಲ್ಲಿ. ಆಗ ಊರು ಎಲ್ಲಿ ಕಾಣುತ್ತದೆ? ಕಾಣುವುದು ಮಳೆ ಮಾತ್ರ.

ಈ ವರ್ಷವೂ ಹಾಗೆ ಹೋದ ಮಕ್ಕಳು ನಿಮ್ಮಲ್ಲಿ ಇದ್ದೇ ಇರುತ್ತೀರಿ. ನಿಮಗಾಗಿ, ಮತ್ತು ಊರಲ್ಲೇ ಉಳಿದು ದಿನಾ ಸಂಜೆ ಫೋನಿನಲ್ಲಿ ‘ಮಳೆ ನಿಂತಿತೇನೋ?’ ಎಂದು ಕೇಳುತ್ತಿರುವ ಅಜ್ಜ ಅಜ್ಜಿಯರಿಗಾಗಿ ಈ ವಾರದ ಮಾತು.

ನಾನು ವಿಜಯಪುರದ ಕಡೆಯವನು. ಆಗ ಅದಕ್ಕೆ ಬಿಜಾಪುರ ಎನ್ನುತ್ತಿದ್ದರು. 1979ರ ಜೂನಿನಲ್ಲಿ ನನ್ನನ್ನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಖೆಗೆ ಹಾಕಿದರು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಕಡೆಯ ಊರು ಅದು. ಜೊತೆಗೆ ಹೆಂಡತಿ, ಎಂಟು ತಿಂಗಳ ಮಗು, ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ.

ಗುಮಾಸ್ತನ ಬುದ್ಧಿ, ಮೊದಲು ಲೆಕ್ಕ ಹೇಳಿಬಿಡುತ್ತೇನೆ. ವಿಜಯಪುರದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ 7000 ಮಿಲಿಮೀಟರಿಗೂ ಹೆಚ್ಚು. ಮಿಲಿಮೀಟರ್ ಎಂದರೆ ಅಂದಾಜಾಗುವುದಿಲ್ಲ ಅಲ್ಲವೇ? ಹೀಗೆ ನೋಡಿ. ಬಿದ್ದ ಮಳೆ ಹರಿದು ಹೋಗದೆ, ಇಂಗದೆ, ಆರದೆ, ಬಿದ್ದಲ್ಲೇ ನಿಂತುಬಿಟ್ಟರೆ ವರ್ಷದ ಕೊನೆಗೆ ನಮ್ಮ ಊರಿನಲ್ಲಿ ನೀರು ನನ್ನ ಮೊಣಕಾಲಿಗಿಂತ ತುಸು ಮೇಲೆ ಬರುತ್ತದೆ. ಆಗುಂಬೆಯಲ್ಲಿ ಎರಡು ಅಂತಸ್ತಿನ ಮನೆ ಮುಳುಗುತ್ತದೆ. ಅದರಲ್ಲೂ ಹೆಚ್ಚಿನ ಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ.

ಹೀಗೇಕೆ ಎಂದು ಭೂಗೋಳದ ಪುಸ್ತಕದಲ್ಲಿ ಓದಿರುತ್ತೀರಿ. ಅರಬ್ಬಿ ಸಮುದ್ರದ ಮೇಲಿಂದ ನೀರಿನ ಆವಿ ಹೊತ್ತು ಬರುವ ಗಾಳಿಗೆ ಸಹ್ಯಾದ್ರಿ ಅಡ್ಡ ನಿಲ್ಲುತ್ತದೆ. ಗಾಳಿ ಬೆಟ್ಟ ಹತ್ತಲೇಬೇಕು. ಮೇಲೇರಿದಂತೆ ತಣ್ಣಗಾಗುತ್ತದೆ, ತಣ್ಣಗಾದಂತೆ ಆವಿಯನ್ನು ಹೊರುವ ಶಕ್ತಿ ಕಡಿಮೆಯಾಗುತ್ತದೆ, ಹೊತ್ತದ್ದನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. ಬೆಟ್ಟ ದಾಟಿ ಪೂರ್ವಕ್ಕೆ ಇಳಿಯುವ ಹೊತ್ತಿಗೆ ಅದರ ಕೈ ಬರಿದು. ಆ ಬರಿಗೈ ಗಾಳಿ ಬೀಸುವ ಮಳೆ ನೆರಳಿನ ಪ್ರದೇಶದಲ್ಲಿ ನಮ್ಮ ಊರಿದೆ. ಶಾಲೆಯಲ್ಲಿ ಇದಕ್ಕೆ ಎರಡು ಅಂಕ ಇತ್ತು. ಅರ್ಥವಾದದ್ದು ಮಾತ್ರ ಅಪ್ಪನ ಕಾಗದ ಬಂದಾಗ. ಜುಲೈ ಮಧ್ಯದಲ್ಲಿ ಒಂದು ಇನ್‌ಲ್ಯಾಂಡ್ ಲೆಟರು ಬಂತು, ಅಂಚು ನೆನೆದು ಶಾಯಿ ಹರಡಿತ್ತು. ‘ಇಲ್ಲಿ ಇನ್ನಾ ಮಳಿ ಇಲ್ಲ. ಬಿತ್ತಿದ್ದು ಒಣಗಲಿಕ್ಕೆ ಹತ್ತೇದ. ನಿಮ್ಮ ಕಡೆ ಹೆಂಗದ?’ ಎಂದು ಬರೆದಿದ್ದರು. ನಾನು ಅದನ್ನು ಓದುತ್ತಿದ್ದಾಗ ಹೆಂಚಿನ ಮೇಲೆ ಮಳೆಯ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ.

ಇದರಿಂದ ನನ್ನ ಹೆಂಡತಿಗೆ ಒಂದು ವಿಚಿತ್ರ ಕಷ್ಟ ಬಂತು. ನಾವಿಬ್ಬರೂ 1972ರ ಬರ ಕಂಡವರು. ಮಳೆಯನ್ನು ಬೈದು ಗೊತ್ತಿಲ್ಲದವರು. ನಮ್ಮ ಕಡೆ ಮಳೆ ಬಂದರೆ ಅಂಗಳಕ್ಕೆ ಇಳಿದು ಕೈ ಮುಗಿಯುತ್ತಾರೆ. ಅಂಥ ಮಳೆಯನ್ನು ‘ಸಾಕಪ್ಪ’ ಎನ್ನುವುದು ಹೇಗೆ? ಪಾಪ ಬರುತ್ತದೆ. ಹಾಗಾಗಿ ಅವಳು ಏನೂ ಅನ್ನಲಿಲ್ಲ. ಸುಮ್ಮನೆ ಕಿಟಕಿಯ ಹತ್ತಿರ ಕೂರಲು ಶುರು ಮಾಡಿದಳು. ಮೊದಮೊದಲು ಮಗುವನ್ನು ಎತ್ತಿಕೊಂಡು ಕೂರುತ್ತಿದ್ದಳು, ಆಮೇಲೆ ಮಗು ಚಾಪೆಯ ಮೇಲೆ ಅಳುತ್ತಿದ್ದರೂ ಕೂತೇ ಇರುತ್ತಿದ್ದಳು. ಊಟ ಕಡಿಮೆ, ಮಾತು ಇನ್ನೂ ಕಡಿಮೆ. ಒಂದು ದಿನ ನಾನು ಬ್ಯಾಂಕಿನಿಂದ ಬಂದಾಗ ಕೇಳಿದಳು, “ಇಲ್ಲೆ ಆಕಾಶ ಅನ್ನೂದು ಇಲ್ಲೇನ್ರಿ?”

ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಬ್ಯಾಂಕಿನಲ್ಲೂ ಅದೇ ಕತೆ. ಲೆಡ್ಜರಿನ ಹಾಳೆಗಳು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗಿದ್ದವು. ಪೆನ್ನು ಇಟ್ಟರೆ ಶಾಯಿ ಹಬ್ಬುತ್ತಿತ್ತು. ನೋಟು ಎಣಿಸಲು ಬೆರಳು ಒದ್ದೆ ಮಾಡಿಕೊಳ್ಳುವ ಸ್ಪಂಜಿನ ಬಟ್ಟಲಿಗೆ ನಮ್ಮ ಕ್ಯಾಷಿಯರ್ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಹಾಕುತ್ತಲೇ ಇರಲಿಲ್ಲ, ನೋಟುಗಳೇ ಒದ್ದೆಯಾಗಿ ಬರುತ್ತಿದ್ದವು. ಒಂದಕ್ಕೊಂದು ಅಂಟಿದ ನೋಟುಗಳನ್ನು ಬಿಡಿಸಿ ಎಣಿಸುವುದು ಸಣ್ಣ ಕೆಲಸವಲ್ಲ. ಹತ್ತು ರೂಪಾಯಿ ಹೆಚ್ಚು ಕಡಿಮೆಯಾದರೆ ಅದು ಅವನ ಸಂಬಳದಿಂದಲೇ ಹೋಗುವುದು! ಬೀರುವಿನೊಳಗೆ ಒಂದು ನಲವತ್ತು ಕ್ಯಾಂಡಲ್ ಬಲ್ಬು ಹಗಲೂ ರಾತ್ರಿ ಉರಿಯುತ್ತಿತ್ತು, ದಾಖಲೆಗಳಿಗೆ ಬೂಷ್ಟು ಹಿಡಿಯದಿರಲೆಂದು. ಆದರೆ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಬರಲು ನಾಲ್ಕು ದಿನ. ಬೂಷ್ಟು ಅಷ್ಟು ದಿನ ಕಾಯುವುದಿಲ್ಲ.

ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದರು. ಸಣ್ಣ ಅಡಿಕೆ ತೋಟ, ಎರಡು ಹಸು. ಅವರು ಒಂದು ಬೆಳಿಗ್ಗೆ ಹಾಲು ಕೊಡಲು ಬಂದವರು ಹಗ್ಗದ ಮೇಲೆ ನೇತಾಡುತ್ತಿದ್ದ ಮಗುವಿನ ಬಟ್ಟೆಗಳನ್ನು ಮುಟ್ಟಿ ನೋಡಿದರು, ಮಗುವಿನ ಕಾಲಸಂದಿಯಲ್ಲಿ ಎದ್ದ ಕೆಂಪು ದದ್ದು ನೋಡಿದರು, ನನ್ನ ಹೆಂಡತಿಯ ಮುಖ ನೋಡಿದರು. ಏನೂ ಕೇಳಲಿಲ್ಲ. ಬಟ್ಟೆಯನ್ನೆಲ್ಲ ಬಾಚಿಕೊಂಡು ಹೋದರು. ಮಧ್ಯಾಹ್ನ ತಂದುಕೊಟ್ಟಾಗ ಬಟ್ಟೆ ಬೆಚ್ಚಗಿತ್ತು, ತುಸು ಹೊಗೆಯ ವಾಸನೆ ಇತ್ತು. ಅವರ ಮನೆಯಲ್ಲಿ ಅಗ್ಗಿಷ್ಟಿಕೆಗೆ ಕೆಂಡ ಹಾಕಿ, ಅದರ ಮೇಲೆ ದೊಡ್ಡ ಬಿದಿರು ಬುಟ್ಟಿಯೊಂದನ್ನು ಬೋರಲು ಇಟ್ಟು, ಬುಟ್ಟಿಯ ಮೈಮೇಲೆ ಬಟ್ಟೆ ಹರಡುತ್ತಿದ್ದರು. ದೊಡ್ಡವರ ಬಟ್ಟೆಗಳು ಬಚ್ಚಲ ಒಲೆಯ ಮೇಲೆ ಕಟ್ಟಿದ ಗಳದ ಮೇಲೆ. ಬಚ್ಚಲ ಒಲೆ ಮಳೆಗಾಲದಲ್ಲಿ ಆರುವುದೇ ಇಲ್ಲ.

“ಮಳೆ ಬಿಡ್ಲಿ ಅಂತ ಕಾಯ್ತಾ ಇದೀಯಾ? ಕಾದ್ರೆ ದೀಪಾವಳಿ ಬರತ್ತೆ ಮಾರಾಯ್ತಿ” ಎಂದರು ಅವರು. “ಮಳೆ ಬಿಡೂದಲ್ಲ. ಹೊಳವಾಗತ್ತೆ. ಹೊಳವಾದಾಗ ಹೊರಗೆ ಬಾ.”

ಹೊಳವು. ಈ ಮಾತು ನಮಗೆ ಹೊಸದು. ನಮ್ಮ ಕಡೆ ಮಳೆ ಬರುತ್ತದೆ, ಹೋಗುತ್ತದೆ. ಮಲೆನಾಡಿನಲ್ಲಿ ಮಳೆ ‘ಹಿಡಿಯುತ್ತದೆ’. ಹಿಡಿದ ಮಳೆ ನಡುವೆ ಸ್ವಲ್ಪ ಹೊತ್ತು ಸಡಿಲವಾಗಿ, ಮೋಡ ತೆಳುವಾಗಿ, ಬೆಳಕು ಹೆಚ್ಚಿದರೆ ಅದೇ ಹೊಳವು. ಬಿಸಿಲೇ ಬರಬೇಕೆಂದಿಲ್ಲ. ಹತ್ತು ನಿಮಿಷದ ಹೊಳವೂ ಉಂಟು, ಎರಡು ದಿನದ್ದೂ ಉಂಟು. ಬಯಲುಸೀಮೆಯಿಂದ ಹೋದವರು ಕಾಯುವುದು ಬಿಸಿಲಿಗೆ. ಅಲ್ಲಿಯವರು ಕಾಯುವುದು ಹೊಳವಿಗೆ. ಹುಲ್ಲು ತರುವುದು, ಅಂಗಡಿಗೆ ಹೋಗುವುದು, ನೆಂಟರ ಮನೆಗೆ ಹೊರಡುವುದು ಎಲ್ಲ ಹೊಳವಿನ ಲೆಕ್ಕದಲ್ಲಿ. ಹೊಳವಾಗದಿದ್ದರೂ ಕೆಲಸ ನಿಲ್ಲದು. ಗಂಡಸರು ಕಂಬಳಿ ಕೊಪ್ಪೆ ಹಾಕಿಕೊಂಡು, ನಾಟಿ ಮಾಡುವ ಹೆಂಗಸರು ಬೆನ್ನ ಮೇಲೆ ಗೊರಬು ಹೊತ್ತುಕೊಂಡು ಗದ್ದೆಗೆ ಇಳಿಯುತ್ತಾರೆ. ಗೊರಬು ನೋಡಿದ್ದೀರಾ? ಬಿದಿರಿನ ಸೀಳುಗಳ ನಡುವೆ ಎಲೆ ಒತ್ತಿ ಹೆಣೆದ, ಆಮೆಯ ಬೆನ್ನಿನಂಥ ಹೊದಿಕೆ. ಬಗ್ಗಿ ನಾಟಿ ಮಾಡುವವರಿಗೆ ಎರಡೂ ಕೈ ಬೇಕಲ್ಲ, ಕೊಡೆ ಹಿಡಿಯುವವರು ಯಾರು? ಈಗ ಎಲ್ಲ ಪ್ಲಾಸ್ಟಿಕ್. ಬೆವರು ಹೋಗುವುದಿಲ್ಲ ಎಂಬುದೊಂದು ಬಿಟ್ಟರೆ ಅದೂ ಆದೀತು.

ಅಜ್ಜಿಗೆ ಒಳಗೆ ಕೂತೇ ಮಳೆಯ ಜಾತಿ ತಿಳಿಯುತ್ತಿತ್ತು. ಹೆಂಚಿನ ಸದ್ದು, ಅಂಗಳಕ್ಕೆ ನೀರು ಬೀಳುವ ಸದ್ದು ಕೇಳಿ ಇದು ಜಡಿಮಳೆ, ಇದು ಗಾಳಿಮಳೆ, ಇನ್ನು ಅರ್ಧ ಗಂಟೆಗೆ ಹೊಳವಾದೀತು ಎನ್ನುತ್ತಿದ್ದರು. ಯಾವ ತಿಂಗಳು ಎಂದು ಕೇಳಿದರೆ ಜುಲೈ ಎನ್ನುತ್ತಿರಲಿಲ್ಲ, ‘ಪುನರ್ವಸು ಮುಗೀತಾ ಬಂತು’ ಎನ್ನುತ್ತಿದ್ದರು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು ಹದಿಮೂರು ಹದಿನಾಲ್ಕು ದಿನ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘ ಎಂದು ಆ ಲೆಕ್ಕದಲ್ಲಿ ಮಳೆಗೆ ಹೆಸರು. ನಾಲ್ಕು ತಿಂಗಳ ಮಳೆ ಎಂದರೆ ಎದೆ ಒಡೆಯುತ್ತದೆ. ಹದಿನಾಲ್ಕು ದಿನದ ಮಳೆ ಎಂದರೆ ‘ಆಗಲಿ, ಇದೊಂದು ಮುಗಿಯಲಿ’ ಅನ್ನಬಹುದು. ನನ್ನ ಹೆಂಡತಿ ಕ್ಯಾಲೆಂಡರಿನಲ್ಲಿ ಒಂದೊಂದು ಮಳೆ ಮುಗಿದಾಗ ಗೆರೆ ಎಳೆಯತೊಡಗಿದಳು.

ಅದಕ್ಕಿಂತ ಮುಖ್ಯವಾದದ್ದು, ಹೊಳವಾದಾಗಲೆಲ್ಲ ಅಜ್ಜಿ ಬೇಲಿಯ ಆಚೆಯಿಂದ ಕೂಗುತ್ತಿದ್ದರು. ಬರದಿದ್ದರೆ ತಾವೇ ಬಂದು ಕೈ ಹಿಡಿದು ಎಳೆಯುತ್ತಿದ್ದರು. ಕೆಸುವಿನ ಎಲೆ ಕೊಯ್ಯಲಿಕ್ಕೆ, ಕಳಲೆ ತರಲಿಕ್ಕೆ, ಏನೂ ಇಲ್ಲದಿದ್ದರೆ ತೋಟದ ತನಕ ಹೋಗಿ ಬರಲಿಕ್ಕೆ. ಮೊದಲ ದಿನ ಪಾದಕ್ಕೆ ಇಂಬಳ ಹತ್ತಿ ರಕ್ತ ಸುರಿದು ನನ್ನ ಹೆಂಡತಿ ಚೀರಿದ್ದು ಇಡೀ ಊರಿಗೆ ಕೇಳಿಸಿತ್ತು. ಇಂಬಳ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಡುತ್ತದೆ, ಅದಕ್ಕೇ ಅದು ಬಿದ್ದುಹೋದ ಮೇಲೂ ರಕ್ತ ಒಸರುತ್ತಲೇ ಇರುತ್ತದೆ. ನೋಡಲು ಭಯ, ಅಷ್ಟೇ. ಎರಡನೇ ವಾರದಿಂದ ಅವಳು ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಂಡು ತಾನೇ ಬಾಗಿಲಲ್ಲಿ ಕಾಯುತ್ತಿದ್ದಳು.

ಇದರಲ್ಲಿ ಏನು ಮದ್ದಿತ್ತು ಎಂದು ನಾನು ಬಹಳ ವರ್ಷಗಳ ನಂತರ ಓದಿ ತಿಳಿದೆ. ಉತ್ತರದ ದೇಶಗಳಲ್ಲಿ ಚಳಿಗಾಲದಲ್ಲಿ ಹಗಲು ಬಹಳ ಚಿಕ್ಕದು. ಆಗ ಕೆಲವರಿಗೆ ಪ್ರತಿ ವರ್ಷವೂ ಮನಸ್ಸು ಕುಗ್ಗುತ್ತದೆ, ಬೆಳಕು ಹೆಚ್ಚಿದಂತೆ ತಾನೇ ಸರಿಹೋಗುತ್ತದೆ. 1984ರಲ್ಲಿ ಅಮೆರಿಕದ ನಾರ್ಮನ್ ರೋಸೆಂಥಾಲ್ ಎಂಬ ವೈದ್ಯರು ಮತ್ತು ಸಂಗಡಿಗರು ಇದನ್ನು ಒಂದು ಕಾಯಿಲೆಯೆಂದು ಹೆಸರಿಟ್ಟು ಬರೆದರು. ಪ್ರಖರವಾದ ದೀಪದ ಮುಂದೆ ಕೂರಿಸುವುದು ಅದಕ್ಕೊಂದು ಚಿಕಿತ್ಸೆ. ಅದು ಚಳಿಗಾಲದ ಕತೆ. ನಮ್ಮ ಮಳೆಗಾಲಕ್ಕೆ ಹಾಗೆಯೇ ಹೊಂದಿಸಲು ನಾನು ಡಾಕ್ಟರಲ್ಲ. ಆದರೆ ಒಂದು ಮಾತು ಎಲ್ಲ ಕಡೆಗೂ ನಿಜ. ಮೋಡ ಮುಚ್ಚಿದ ಆಕಾಶದ ಕೆಳಗೂ ಮನೆಯೊಳಗಿನ ಬಲ್ಬಿನ ಬೆಳಕಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕಿರುತ್ತದೆ. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ. ನಿದ್ದೆ, ಹಸಿವು, ಎಚ್ಚರಗಳನ್ನು ನಡೆಸುವ ಮೈಯೊಳಗಿನ ಗಡಿಯಾರಕ್ಕೆ ಆ ಬೆಳಕೇ ಕೀಲಿ. ಅಜ್ಜಿ ಕೈ ಹಿಡಿದು ಹೊರಗೆ ಎಳೆಯುತ್ತಿದ್ದದ್ದು ಸುಮ್ಮನಲ್ಲ. ಅಜ್ಜಂದಿರೇ, ಅಜ್ಜಿಯರೇ, ಫೋನಿನಲ್ಲಿ ‘ಹೊರಗೆ ಹೋಗಬೇಡ, ನೆಗಡಿ ಆಗುತ್ತದೆ’ ಎಂದು ಮಕ್ಕಳಿಗೆ ಹೇಳುವ ಮುಂಚೆ ಇದನ್ನು ಸ್ವಲ್ಪ ಯೋಚಿಸಿ. ಮನೆಗೆ ಬಂದು ಒದ್ದೆ ಬಟ್ಟೆ ಬದಲಿಸಬೇಕು, ಬೆರಳಸಂದಿ ಒರೆಸಬೇಕು, ಕಾಲಿನಲ್ಲಿ ಗಾಯವಿದ್ದರೆ ನಿಂತ ನೀರು ತುಳಿಯಬಾರದು (ಇಲಿಜ್ವರ ಬರುವುದು ಹಾಗೆಯೇ), ಕಾಯಿಸಿದ ನೀರು ಕುಡಿಯಬೇಕು. ಮತ್ತು ಹಳ್ಳದ ಮೇಲಿನ ಕಾಲುಸಂಕವನ್ನು ನೀರು ಏರಿದಾಗ ಒಬ್ಬರೇ ದಾಟಬಾರದು. ಈ ಕೊನೆಯದರಲ್ಲಿ ರಿಯಾಯಿತಿ ಇಲ್ಲ. ಮಳೆ ರಜೆ ಕೊಡುವುದು ಅದಕ್ಕೇ.

ಹೊಳವಿನ ಬೆಲೆ ಎಷ್ಟು ಎಂದು ರೂಪಾಯಿಯ ಲೆಕ್ಕದಲ್ಲಿ ನಾನು ಕಂಡದ್ದು ಮರುವರ್ಷ, ನಮ್ಮ ಕೌಂಟರಿನ ಮುಂದೆ. ಅಡಿಕೆಗೆ ಕೊಳೆರೋಗ ಎಂಬುದೊಂದು ಬರುತ್ತದೆ. ಬಿಡದೆ ಮಳೆ ಹೊಡೆದರೆ ಎಳೆಗಾಯಿಗಳು ಕೊಳೆತು ಉದುರುತ್ತವೆ. ಹಿಂದಿನ ಕಾಲದಲ್ಲಿ ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು, ಅಂದರೆ ಅಡಿಕೆ ಗೊನೆಗೂ ಒಂದು ಕೊಪ್ಪೆ! ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಕಳೆದ ಶತಮಾನದ ಆರಂಭದಲ್ಲಿ ಈ ರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ರೈತರಿಗೆ ತೋರಿಸಿಕೊಟ್ಟರು. ಒಂದು ಕಿಲೋ ಮೈಲುತುತ್ತವನ್ನು ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು ಐವತ್ತು ಲೀಟರಿನಲ್ಲಿ ಕರಗಿಸಿ, ಎರಡನ್ನೂ ಕೂಡಿಸಿದರೆ ನೀಲಿ ಬಣ್ಣದ ಔಷಧ ಸಿದ್ಧ. ಹದ ನೋಡಲು ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದುತ್ತಾರೆ. ಚಾಕುವಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು ಎಂದು ಅರ್ಥ. ಮಳೆ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನದ ಮೇಲೆ ಇನ್ನೊಂದು ಸಲ ಹೊಡೆಯಬೇಕು. ಸುರಿಯುವ ಮಳೆಯಲ್ಲಿ ಹೊಡೆದರೆ ತೊಳೆದುಹೋಗುತ್ತದೆ, ನೆನೆದ ಮರ ಹತ್ತುವುದೂ ಅಪಾಯ. ಆದ್ದರಿಂದ ಎರಡನೇ ಮದ್ದಿಗೆ ಹೊಳವೇ ಬೇಕು.

1980ರ ಜುಲೈನಲ್ಲಿ ಹೊಳವು ಬರಲೇ ಇಲ್ಲ. ನಮ್ಮ ಶಾಖೆಯಲ್ಲಿ ಸಾಲ ಮಾಡಿದ್ದ ಬೆಳೆಗಾರರು ದಿನಾ ಬಂದು ಬ್ಯಾಂಕಿನ ಜಗಲಿಯಲ್ಲಿ ನಿಂತು ಪಡುವಣ ದಿಕ್ಕು ನೋಡುತ್ತಿದ್ದರು. ಮಾತಿಲ್ಲ. ಬಡ್ಡಿಯ ವಿಷಯ ನಾವೂ ಎತ್ತುತ್ತಿರಲಿಲ್ಲ. ಒಬ್ಬರಿಗೆ ಒಂದೇ ಎಕರೆ ತೋಟ, ಮೂರು ಹೆಣ್ಣುಮಕ್ಕಳು; ಮೊದಲನೆಯವಳು ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಕೊಳೆ ಬಂದರೆ ಅವಳನ್ನು ಬಿಡಿಸಿ ಕರೆದುಕೊಂಡು ಬರುವುದೇ ಸೈ ಎಂದಿದ್ದರು. ಒಂದು ಶುಕ್ರವಾರ ಹನ್ನೊಂದರ ಹೊತ್ತಿಗೆ ಅವರು ಹಣ ತೆಗೆಯಲು ಪಾಸ್‌ಬುಕ್ಕು ಕೊಟ್ಟು ನಿಂತಿದ್ದರು. ಹೆಂಚಿನ ಸದ್ದು ತಗ್ಗಿತು. ಕಿಟಕಿಯಲ್ಲಿ ಬೆಳಕು ಬಂತು. ನಾನು ತಲೆ ಎತ್ತುವಷ್ಟರಲ್ಲಿ ಕೌಂಟರಿನ ಮುಂದೆ ಯಾರೂ ಇಲ್ಲ! ಪಾಸ್‌ಬುಕ್ಕು, ಕೊಡೆ ಎಲ್ಲ ಬಿಟ್ಟು ಓಡಿದ್ದರು. ಆ ಮಧ್ಯಾಹ್ನ ಶಾಲೆಯಲ್ಲಿ ಅರ್ಧ ತರಗತಿ ಖಾಲಿ. ಸುಣ್ಣ ಕದಡಲು, ನೀರು ಹೊರಲು ಮಕ್ಕಳೂ ಬೇಕು. ಕೊನೆಗೌಡರಿಗಂತೂ ಅಂದು ರಾಜಮರ್ಯಾದೆ, ಮರ ಹತ್ತಿ ಔಷಧ ಹೊಡೆಯುವವರು ಊರಿಗೆಲ್ಲ ನಾಲ್ಕೇ ಜನ.

ಹೊಳವು ಒಂದೂವರೆ ದಿನ ಇತ್ತು. ಶನಿವಾರ ರಾತ್ರಿ ಮತ್ತೆ ಹಿಡಿಯಿತು. ಅವರ ತೋಟಕ್ಕೆ ಪೂರ್ತಿ ಮದ್ದು ಬಿತ್ತು. ಸರದಿ ಸಿಗದ ಎರಡು ತೋಟಗಳಲ್ಲಿ ಆಗಸ್ಟ್ ಹೊತ್ತಿಗೆ ಮರದ ಬುಡದಲ್ಲಿ ಕಾಯಿ ಹಾಸಿ ಬಿದ್ದಿತ್ತು, ಆ ಕೊಳೆತ ವಾಸನೆ ರಸ್ತೆಯ ತನಕ ಬರುತ್ತಿತ್ತು. ಅವರಿಬ್ಬರ ಸಾಲದ ಕಂತು ಮುಂದಕ್ಕೆ ಹಾಕಿಸುವ ಕಾಗದಗಳನ್ನು ನಾನೇ ಟೈಪ್ ಮಾಡಿದೆ. ಕಾಲೇಜಿನ ಹುಡುಗಿ ಓದು ಮುಂದುವರಿಸಿದಳು. ಸೋಮವಾರ ಅವಳ ಅಪ್ಪ ಬಂದು ಪಾಸ್‌ಬುಕ್ಕು, ಕೊಡೆ ತೆಗೆದುಕೊಂಡರು. ಉಗುರೆಲ್ಲ ನೀಲಿಯಾಗಿತ್ತು.

ನಾವು ಆ ಊರಿನಲ್ಲಿ ನಾಲ್ಕು ವರ್ಷ ಇದ್ದೆವು. ಎರಡನೇ ವರ್ಷದಿಂದ ನನ್ನ ಹೆಂಡತಿ ಬೇಸಿಗೆಯಲ್ಲೇ ಮಳೆಗಾಲದ ತಯಾರಿ ಶುರು ಮಾಡುತ್ತಿದ್ದಳು. ಒಣಸೌದೆ, ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಮರಿಗೆಯಲ್ಲಿ ಉಪ್ಪು, ಒಲೆಯ ಪಕ್ಕದ ಡಬ್ಬಿಯಲ್ಲಿ ಬೆಂಕಿಪೊಟ್ಟಣ. ಜಗಲಿಗೆ ಎರಚಲು ಹೊಡೆಯದಂತೆ ತಟ್ಟಿ ಕಟ್ಟಿಸುವುದೂ ಅವಳದೇ ಉಸ್ತುವಾರಿ. ಅಲ್ಲಿಯವರಿಗೆ ಮಳೆಗಾಲ ಮಾರ್ಚಿನಲ್ಲೇ ಶುರುವಾಗುತ್ತದೆ, ನೀರು ಬೀಳುವುದು ಮಾತ್ರ ಜೂನಿಗೆ.

ವಿಜಯಪುರಕ್ಕೆ ವಾಪಸಾದ ಮೇಲೆ ಒಂದು ಏಪ್ರಿಲ್‌ನಲ್ಲಿ ಅಜ್ಜಿಯನ್ನು ನಮ್ಮ ಮನೆಗೆ ಕರೆಸಿಕೊಂಡೆವು, ಗೋಳಗುಮ್ಮಟ ತೋರಿಸಲಿಕ್ಕೆ. ಗುಮ್ಮಟ ನೋಡಿ ‘ಚೆನ್ನಾಗಿದೆ’ ಎಂದರು, ಅಷ್ಟೇ. ಮರುದಿನ ಬೆಳಿಗ್ಗೆ ತಮ್ಮ ಸೀರೆ ಒಗೆದು ಮಾಳಿಗೆಯ ಮೇಲೆ ಹರವಿ ಕೆಳಗೆ ಬಂದರು. ಚಹಾ ಕುಡಿದು ಮೇಲೆ ಹೋಗಿ ನೋಡಿದರೆ ಸೀರೆ ಹಪ್ಪಳದ ಹಾಗೆ ಒಣಗಿತ್ತು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಕೆಳಗೆ ಬಂದವರೇ ನಮ್ಮ ಮನೆಯ ಕಂಬಳಿ, ಜಮಖಾನೆ, ಕಿಟಕಿಯ ಪರದೆ, ಟ್ರಂಕಿನಲ್ಲಿ ಮಡಿಸಿಟ್ಟಿದ್ದ ಶುಭ್ರ ಬಟ್ಟೆ, ನನ್ನ ಆಫೀಸಿನ ಚೀಲ ಎಲ್ಲವನ್ನೂ ಎಳೆದು ತಂದು ಬಚ್ಚಲಿಗೆ ಹಾಕಿದರು. “ಅಮ್ಮಾ, ಅವು ಒಗದದ್ದ ಅದಾವ” ಎಂದು ನನ್ನ ಹೆಂಡತಿ ಹಿಂದೆಯೇ ಓಡಿದಳು. “ಇರಲಿ ಮಾರಾಯ್ತಿ, ಒಣಗತ್ತೆ” ಎಂದರು ಅವರು. ಅಂದು ಸಂಜೆಯವರೆಗೆ ನಮ್ಮ ಮಾಳಿಗೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ.